ಪಾಲಿಕೆಯ ಬಾಡಿಗೆ ಮನೆ, ಅರ್ಧಕ್ಕೆ ನಿಂತ ಕ್ರಯ: ಗಿಬ್ಸನ್ ವಿರುದ್ಧ ಮ್ಯಾಂಚೆಸ್ಟರ್ ನಗರಪಾಲಿಕೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಪಾಲಿಕೆಯ ಖಜಾಂಚಿ ಕಚೇರಿಯಿಂದ 1971ರ ಫೆಬ್ರವರಿ 10ರಂದು ಒಂದು ಪತ್ರ ಹೊರಟಿತು. ಪಾಲಿಕೆಗೆ ಸೇರಿದ ಮನೆಯೊಂದರಲ್ಲಿ 1959ರಿಂದ ಬಾಡಿಗೆಗಿದ್ದ ಗಿಬ್ಸನ್ ಎಂಬವರಿಗೆ ಬರೆದ ಆ ಪತ್ರದಲ್ಲಿ, ಮನೆಯ ಬೆಲೆ 2,725 ಪೌಂಡ್, ಶೇಕಡಾ 20ರ ರಿಯಾಯಿತಿ ಕಳೆದು ಕೊಡಬೇಕಾದದ್ದು 2,180 ಪೌಂಡ್ ಎಂದು ಲೆಕ್ಕ ಬಿಡಿಸಿ ತೋರಿಸಲಾಗಿತ್ತು. ಅದರಲ್ಲಿ 2,177 ಪೌಂಡನ್ನು ಪಾಲಿಕೆಯೇ ಸಾಲವಾಗಿ ಕೊಟ್ಟು 20 ವರ್ಷಗಳಲ್ಲಿ ತೀರಿಸಿಕೊಳ್ಳಬಹುದೆಂಬ ವಿವರವೂ ಇತ್ತು. ಅಂದರೆ ಬಾಡಿಗೆದಾರ ಕೈಯಿಂದ ಹಾಕಬೇಕಾದದ್ದು ಮೂರೇ ಪೌಂಡ್. ಆದರೆ ಪತ್ರದ ಮುಖ್ಯ ವಾಕ್ಯ ‘ಈ ಬೆಲೆಗೆ ಪಾಲಿಕೆ ಮನೆಯನ್ನು ತಮಗೆ ಮಾರಲು ಸಿದ್ಧವಾಗಬಹುದು’ ಎಂಬ ಧಾಟಿಯಲ್ಲಿತ್ತು. ಕೊನೆಗೆ, ಕೊಳ್ಳುವ ಇಚ್ಛೆಯಿದ್ದರೆ ಜೊತೆಗಿರುವ ನಮೂನೆಯಲ್ಲಿ ವಿಧ್ಯುಕ್ತವಾಗಿ ಅರ್ಜಿ ಸಲ್ಲಿಸಿ ಎಂದು ಕೋರಲಾಗಿತ್ತು.

ಈ ಎರಡು ವಾಕ್ಯಗಳ ಅರ್ಥವೇನೆಂದು ತೀರ್ಮಾನವಾಗುವುದಕ್ಕೆ ಎಂಟು ವರ್ಷ ಹಿಡಿಯಿತು. ಮೂರು ಹಂತಗಳಲ್ಲಿ ಒಟ್ಟು ಒಂಬತ್ತು ನ್ಯಾಯಾಧೀಶರು ಅದನ್ನು ಓದಿದರು. ಮೂವರು ಬಾಡಿಗೆದಾರನ ಪರವಾಗಿ, ಆರು ಮಂದಿ ಪಾಲಿಕೆಯ ಪರವಾಗಿ ನಿಂತರು. ನಮ್ಮ ಕಾನೂನು ಕಾಲೇಜುಗಳಲ್ಲಿ ಕರಾರು ಕಾನೂನಿನ ಮೊದಲ ಪಾಠಗಳಲ್ಲೇ ಈ ಪ್ರಕರಣದ ಹೆಸರು ಬರುತ್ತದೆ, ಎದುರಿನವನು ಒಪ್ಪಿದೊಡನೆ ಕರಾರಾಗುವ ಪ್ರಸ್ತಾವಕ್ಕೂ, ಪ್ರಸ್ತಾವ ಮಾಡಿ ಎಂದು ಕರೆಯುವುದಷ್ಟೇ ಆದ ಪ್ರಸ್ತಾವದ ಆಹ್ವಾನಕ್ಕೂ ಇರುವ ವ್ಯತ್ಯಾಸಕ್ಕೆ ಉದಾಹರಣೆಯಾಗಿ. ಅಷ್ಟಕ್ಕೆ ಓದಿ ಮುಗಿಸಿದರೆ ಪ್ರಕರಣದ ಅರ್ಧ ಭಾಗ ಕಣ್ಣಿಗೆ ಬೀಳುವುದಿಲ್ಲ. ಹತ್ತಾರು ವರ್ಷ ಬಾಡಿಗೆ ಕಟ್ಟಿದವನಿಗೆ ಆ ಮನೆಯ ಮೇಲೆ ಏನಾದರೂ ಹಕ್ಕು ಹುಟ್ಟುತ್ತದೆಯೇ, ಹುಟ್ಟುವುದಾದರೆ ಅದನ್ನು ಹುಟ್ಟಿಸುವವರು ಯಾರು ಎಂಬ ಪ್ರಶ್ನೆ ಈ ಮೊಕದ್ದಮೆಯ ಅಡಿಯಲ್ಲಿ ಉದ್ದಕ್ಕೂ ಇದೆ.

ಚುನಾವಣೆಗೆ ನಿಲ್ಲುವ ಮನೆ ಒಡೆಯ

ಮೊದಲನೆಯ ಮಹಾಯುದ್ಧದ ಬಳಿಕ, 1919ರ ವಸತಿ ಕಾಯ್ದೆಯ ಬಲದಿಂದ, ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಡತೊಡಗಿದವು. 1970ರ ದಶಕದ ಕೊನೆಗೆ ಆ ದೇಶದ ಸುಮಾರು ಮೂರರಲ್ಲಿ ಒಂದು ಪಾಲು ಕುಟುಂಬಗಳು ಇಂಥ ಪಾಲಿಕೆ ಮನೆಗಳಲ್ಲಿದ್ದವು. ನಮ್ಮಲ್ಲಿ ಸರ್ಕಾರಿ ವಸತಿಗೃಹವೆಂದರೆ ನೌಕರಿ ಮುಗಿದಾಗ ಬೀಗದ ಕೈ ಒಪ್ಪಿಸಬೇಕಾದ ಮನೆ. ಗೃಹಮಂಡಳಿಯ ಮನೆಯೆಂದರೆ ಕಂತು ಮುಗಿದ ಮೇಲೆ ಕ್ರಯಪತ್ರ ಸಿಗುವ ಮನೆ. ಬ್ರಿಟನ್ನಿನ ಪಾಲಿಕೆ ಮನೆ ಇವೆರಡೂ ಆಗಿರಲಿಲ್ಲ. ಬಾಡಿಗೆ ಕಟ್ಟುತ್ತಿದ್ದರೆ ಜೀವಮಾನವಿಡೀ ಇರಬಹುದಿತ್ತು, ಮಕ್ಕಳು ಅಲ್ಲೇ ಹುಟ್ಟಿ ಬೆಳೆಯುತ್ತಿದ್ದರು, ಆದರೆ ಎಷ್ಟು ವರ್ಷ ಕಳೆದರೂ ಒಡೆತನದ ಕಡೆಗೆ ಒಂದು ಹೆಜ್ಜೆಯೂ ಸಾಗುತ್ತಿರಲಿಲ್ಲ.

ಪಾಲಿಕೆಗಳಿಗೆ ಮನೆಗಳನ್ನು ಬಾಡಿಗೆದಾರರಿಗೆ ಮಾರುವ ಅಧಿಕಾರವಿತ್ತು, ಮಾರಲೇಬೇಕೆಂಬ ಕಟ್ಟುಪಾಡಿರಲಿಲ್ಲ. ಹಾಗಾಗಿ ಮಾರಾಟವೆಂಬುದು ಆಯಾ ಊರಿನಲ್ಲಿ ಆ ಹೊತ್ತಿಗೆ ಯಾವ ಪಕ್ಷ ಅಧಿಕಾರದಲ್ಲಿದೆ ಎಂಬುದನ್ನು ನೆಚ್ಚಿಕೊಂಡಿತ್ತು. ಕನ್ಸರ್ವೇಟಿವ್ ಪಕ್ಷದವರು ಸಾಮಾನ್ಯವಾಗಿ ಮಾರಾಟದ ಪರ. ಲೇಬರ್ ಪಕ್ಷದ ಬಹುತೇಕ ಪಾಲಿಕೆಗಳು, ಬಾಡಿಗೆ ಮನೆಗಾಗಿ ಸರದಿಯಲ್ಲಿ ಕಾದಿರುವ ಬಡವರ ಪಾಲಿನ ಮನೆ ಕರಗುತ್ತದೆ ಎಂಬ ಕಾರಣಕ್ಕೆ, ವಿರುದ್ಧ. ಎರಡೂ ನಿಲುವುಗಳಲ್ಲಿ ತಿರುಳಿದೆ. ಆದರೆ ಬಾಡಿಗೆದಾರನ ಕಡೆಯಿಂದ ನೋಡಿದರೆ, ಅವನ ಮನೆ ಒಡೆಯ ಕೆಲವು ವರ್ಷಗಳಿಗೊಮ್ಮೆ ಚುನಾವಣೆಗೆ ನಿಲ್ಲುವ ಒಡೆಯ. ಸೋತರೆ ಒಡೆಯನ ಮನಸ್ಸೇ ಬದಲಾಗುತ್ತದೆ.

ಮ್ಯಾಂಚೆಸ್ಟರಿನಲ್ಲಿ 1970ರ ಸೆಪ್ಟೆಂಬರಿನಲ್ಲಿ ಕನ್ಸರ್ವೇಟಿವ್ ಆಡಳಿತದ ಪಾಲಿಕೆ ಮನೆಗಳನ್ನು ಬಾಡಿಗೆದಾರರಿಗೇ ಮಾರುವ ಯೋಜನೆಯನ್ನು ಒಪ್ಪಿತು. ನವೆಂಬರಿನಲ್ಲಿ ಯೋಜನೆಯ ವಿವರಗಳ ಕಿರುಹೊತ್ತಿಗೆಯೂ ಅದರೊಂದಿಗೆ ಹರಿದು ಕಳಿಸಬಹುದಾದ ಒಂದು ಚೀಟಿಯೂ ಆಸಕ್ತ ಬಾಡಿಗೆದಾರರ ಕೈ ಸೇರಿದವು.

ಪತ್ರ ವ್ಯವಹಾರ

ಗಿಬ್ಸನ್ ನವೆಂಬರ್ ಕೊನೆಯಲ್ಲೇ ಚೀಟಿ ತುಂಬಿ, ಬೆಲೆ ತಿಳಿಸಬೇಕೆಂದು ಕೇಳಿಕೊಂಡರು. ಅದಕ್ಕೆ ಬಂದ ಉತ್ತರವೇ ಮೇಲೆ ಹೇಳಿದ ಫೆಬ್ರವರಿ 10ರ ಪತ್ರ. ಮಾರ್ಚ್ 5ರಂದು ಅವರು ಅರ್ಜಿ ನಮೂನೆಯನ್ನು ತುಂಬಿ ಕಳಿಸಿದರು, ಆದರೆ ಬೆಲೆ ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟರು. ಅದಕ್ಕೆ ಕಾರಣ ಜೊತೆಗಿಟ್ಟ ಪತ್ರದಲ್ಲಿತ್ತು: ಮನೆಯ ಆವರಣದ ಟಾರು ಹಾದಿ ಕಿತ್ತುಹೋಗಿದೆ, ಪಾಲಿಕೆ ಅದನ್ನು ರಿಪೇರಿ ಮಾಡಿಸಿಕೊಡಲಿ, ಇಲ್ಲವೇ ಅಷ್ಟು ಹಣವನ್ನು ಬೆಲೆಯಲ್ಲಿ ಇಳಿಸಲಿ. ಮನೆ ಕೊಳ್ಳುವ ಯಾವ ಗೃಹಸ್ಥನೂ ಕೇಳುವ ಮಾತು ಇದು. ಮಾರ್ಚ್ 12ರಂದು ಪಾಲಿಕೆ, ಬೆಲೆ ಕಟ್ಟುವಾಗಲೇ ಮನೆಯ ಸ್ಥಿತಿಯನ್ನು ಗಮನಿಸಲಾಗಿದೆ, ಆದ್ದರಿಂದ ರಿಪೇರಿಗೆ ಅನುಮತಿ ಕೊಡಲಾಗದು ಎಂದಿತು. ಮಾರ್ಚ್ 18ರಂದು ಗಿಬ್ಸನ್, ಹಾಗಿದ್ದರೆ ತಮ್ಮ ಬಳಿಯಿರುವ ನನ್ನ ಅರ್ಜಿಯಂತೆಯೇ ಖರೀದಿಯನ್ನು ಮುಂದುವರಿಸಿ ಎಂದು ಬರೆದರು.

ಇದಾದ ಮೇಲೆ ಪಾಲಿಕೆ ಏನು ಮಾಡಿತೆಂಬುದೂ ದಾಖಲೆಯಲ್ಲಿದೆ. ತಾನೇ ದುರಸ್ತಿ ನೋಡಿಕೊಳ್ಳುವ ಬಾಡಿಗೆ ಮನೆಗಳ ಪಟ್ಟಿಯಿಂದ ಈ ಮನೆಯನ್ನು ತೆಗೆದು, ಮಾರಾಟಕ್ಕೆ ಸಾಗಿರುವ ಮನೆಗಳ ಪಟ್ಟಿಗೆ ಸೇರಿಸಿತು. ಬಾಡಿಗೆದಾರರೂ ಮನೆ ತಮ್ಮದೇ ಆಗಲಿದೆ ಎಂದುಕೊಂಡು ಅದರ ಮೇಲೆ ಕೆಲಸ ಮಾಡಿದರು, ದುಡ್ಡು ಹಾಕಿದರು. ಎರಡೂ ಕಡೆಯವರು ಕ್ರಯ ನಡೆಯುವುದು ಖಚಿತವೆಂದೇ ನಡೆದುಕೊಳ್ಳುತ್ತಿದ್ದರು. ಸಹಿ ಹಾಕಿದ ಕರಾರುಪತ್ರ ಮಾತ್ರ ಇರಲಿಲ್ಲ.

1971ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಮ್ಯಾಂಚೆಸ್ಟರ್ ಪಾಲಿಕೆ ಲೇಬರ್ ಪಕ್ಷದ ವಶವಾಯಿತು. ಜುಲೈ 7ರಂದು ಹೊಸ ಆಡಳಿತ, ಕಾನೂನಿನ ಕಟ್ಟಿಗೊಳಪಟ್ಟ ಕರಾರು ಆಗಿರುವ ಮನೆಗಳನ್ನು ಹೊರತುಪಡಿಸಿ ಉಳಿದ ಮಾರಾಟಗಳನ್ನೆಲ್ಲ ನಿಲ್ಲಿಸಲು ತೀರ್ಮಾನಿಸಿತು. ಜುಲೈ 27ರಂದು ಗಿಬ್ಸನ್ ಅವರಿಗೆ, ತಮ್ಮ ಅರ್ಜಿಯನ್ನು ಮುಂದುವರಿಸಲಾಗದು ಎಂಬ ಪತ್ರ ಬಂತು. ಅವರದೇ ಹಂತದಲ್ಲಿ ನಿಂತಿದ್ದ ಅರ್ಜಿಗಳ ಸಂಖ್ಯೆ ನೂರಾರು. ಆದ್ದರಿಂದಲೇ ಅವರ ದಾವೆ ಉಳಿದವರಿಗೂ ದಾರಿ ತೋರಬೇಕಾದ ಮಾದರಿ ದಾವೆಯಾಯಿತು.

ಒಂದು ಕಾಗದ ಮುಂದಿದ್ದವರಿಗೆ ಸಿಕ್ಕಿದ್ದು

ಅದೇ ಊರು, ಅದೇ ಯೋಜನೆ, ಅದೇ ಚುನಾವಣೆ; ಆದರೆ ಸ್ಟೋರರ್ ಎಂಬ ಇನ್ನೊಬ್ಬ ಬಾಡಿಗೆದಾರರ ಕಡತ ಒಂದು ಕಾಗದದಷ್ಟು ಮುಂದೆ ಹೋಗಿತ್ತು. ಅವರಿಗೆ 1971ರ ಮಾರ್ಚ್ 9ರಂದು ಪಾಲಿಕೆಯ ಹಿರಿಯ ಅಧಿಕಾರಿಯಾದ ಟೌನ್ ಕ್ಲರ್ಕ್ ಅವರ ಕಚೇರಿ ಮಾರಾಟದ ಕರಾರು ನಮೂನೆಯನ್ನೇ ಕಳಿಸಿ, ತಾವು ಸಹಿ ಮಾಡಿ ಹಿಂದಿರುಗಿಸಿದರೆ ಪಾಲಿಕೆಯ ಪರವಾಗಿ ಸಹಿಯಾದ ಪ್ರತಿಯನ್ನು ಕಳಿಸಿಕೊಡುವೆವು ಎಂದು ತಿಳಿಸಿತ್ತು. ಅವರು ಮಾರ್ಚ್ 20ರಂದು ಸಹಿ ಮಾಡಿ ಕಳಿಸಿದರು. ಟೌನ್ ಕ್ಲರ್ಕ್ ಸಹಿ ಹಾಕುವ ಮುನ್ನ ಚುನಾವಣೆ ಬಂತು.

ಇಂಗ್ಲೆಂಡಿನ ಪದ್ಧತಿಯಲ್ಲಿ ಮನೆ ಮಾರುವವನೂ ಕೊಳ್ಳುವವನೂ ಒಂದೇ ಕರಾರಿನ ಎರಡು ಪ್ರತಿಗಳಿಗೆ ಪ್ರತ್ಯೇಕವಾಗಿ ಸಹಿ ಹಾಕಿ ಪರಸ್ಪರ ಬದಲಾಯಿಸಿಕೊಳ್ಳುವ ಗಳಿಗೆಯವರೆಗೆ ಯಾರೂ ಯಾರಿಗೂ ಬದ್ಧರಲ್ಲ. ನಮ್ಮಲ್ಲಿ ಅಗ್ರಿಮೆಂಟ್ ಮಾಡಿಸಿ ಅಡ್ವಾನ್ಸ್ ಕೊಡುವ ದಿನಕ್ಕೆ ಇರುವ ತೂಕ ಅಲ್ಲಿ ಆ ಪ್ರತಿ ಬದಲಾವಣೆಗಿದೆ. ಪಾಲಿಕೆ ಇದನ್ನೇ ಮುಂದೊಡ್ಡಿತು. ಮೇಲ್ಮನವಿ ನ್ಯಾಯಾಲಯ 1974ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಮಾರಾಟಗಳು ಬೇಗ ಮುಗಿಯಲೆಂದು ಪಾಲಿಕೆಯೇ ಸರಳ ನಮೂನೆಗಳನ್ನು ರೂಪಿಸಿತ್ತು. ಕರಾರು ನಮೂನೆ ಕಳಿಸಿದ್ದು ಪ್ರಸ್ತಾವ, ಸಹಿ ಮಾಡಿ ಹಿಂದಿರುಗಿಸಿದ್ದು ಅಂಗೀಕಾರ. ಬಾಡಿಗೆ ನಿಂತು ಸಾಲದ ಕಂತು ಶುರುವಾಗುವ ದಿನಾಂಕದ ಜಾಗ ಖಾಲಿಯಿದ್ದದ್ದು ಆಡಳಿತದ ಸಣ್ಣ ವಿವರ ಮಾತ್ರ ಎಂದು ತೀರ್ಪಾಯಿತು. ಪಾಲಿಕೆಯ ಮನಸ್ಸಿನೊಳಗೆ ಏನಿತ್ತೆಂದು ನೋಡಬೇಕಾಗಿಲ್ಲ, ಹೊರಗೆ ಆಡಿದ ಮಾತೂ ನಡತೆಯೂ ಕರಾರಿನಂತೆ ಕಂಡರೆ ಅದು ಕರಾರೇ ಎಂಬ ನೆಲೆಯಲ್ಲಿ ಆ ಪೀಠದ ನ್ಯಾಯಾಧೀಶ ಲಾರ್ಡ್ ಡೆನಿಂಗ್ ಬರೆದರು. ಸ್ಟೋರರ್ ಗೆದ್ದರು.

ಇಬ್ಬರ ನಡುವಿನ ಅಂತರ ಎಷ್ಟೆಂದು ಒಮ್ಮೆ ಅಳೆದು ನೋಡಬೇಕು. ಇಬ್ಬರಿಗೂ ಬೆಲೆ ಗೊತ್ತಿತ್ತು, ಇಬ್ಬರೂ ಒಪ್ಪಿದ್ದರು, ಇಬ್ಬರೂ ಮಾರ್ಚ್ ತಿಂಗಳಲ್ಲೇ ತಮ್ಮ ಕಾಗದವನ್ನು ಅಂಚೆಗೆ ಹಾಕಿದ್ದರು. ಗಿಬ್ಸನ್ ಅವರು ಮಾರ್ಚ್ 18ರಂದು ಕಳಿಸಿದ್ದು ಅರ್ಜಿಯನ್ನು ಮುಂದುವರಿಸಿ ಎಂಬ ಪತ್ರ. ಸ್ಟೋರರ್ ಮಾರ್ಚ್ 20ರಂದು ಕಳಿಸಿದ್ದು ಸಹಿಯಾದ ಕರಾರು. ಟಾರು ಹಾದಿಯ ವಿಚಾರ ಎತ್ತದೆ ಅರ್ಜಿಯನ್ನು ನೇರವಾಗಿ ತುಂಬಿ ಕಳಿಸಿದ್ದರೆ ಗಿಬ್ಸನ್ ಅವರ ಕಡತವೂ ಆ ಎರಡು ವಾರಗಳಲ್ಲಿ ಟೌನ್ ಕ್ಲರ್ಕ್ ಮೇಜಿಗೆ ಮುಟ್ಟುತ್ತಿತ್ತೋ ಏನೋ.

ಮೂರು ಹಂತದ ವಿಚಾರಣೆ

ಕೌಂಟಿ ನ್ಯಾಯಾಲಯ ಗಿಬ್ಸನ್ ಪರವಾಗಿ ತೀರ್ಪಿತ್ತು: ಕರಾರು ಆಗಿದೆ, ಪಾಲಿಕೆ ಅದನ್ನು ನಡೆಸಿಕೊಡಬೇಕು. ನಮ್ಮ ವಕೀಲರು ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ಎನ್ನುವ ಪರಿಹಾರ ಇದೇ. ಹಣದ ಪರಿಹಾರವಲ್ಲ, ಮನೆಯನ್ನೇ ಬರೆದುಕೊಡಬೇಕೆಂಬ ಡಿಕ್ರಿ. ಮೇಲ್ಮನವಿ ನ್ಯಾಯಾಲಯ 1978ರಲ್ಲಿ ಅದನ್ನು ಎರಡಕ್ಕೆ ಒಂದರ ಬಹುಮತದಿಂದ ಎತ್ತಿಹಿಡಿಯಿತು. ಲಾರ್ಡ್ ಡೆನಿಂಗ್ ಅವರ ದೃಷ್ಟಿಯಲ್ಲಿ, ಪ್ರತಿಯೊಂದು ಕರಾರನ್ನೂ ಪ್ರಸ್ತಾವ ಮತ್ತು ಅಂಗೀಕಾರವೆಂಬ ಎರಡು ತುಂಡುಗಳಾಗಿ ಬಿಡಿಸಿ ತೋರಿಸಲೇಬೇಕೆಂಬುದು ತಪ್ಪು ಕಲ್ಪನೆ. ಪತ್ರ ವ್ಯವಹಾರವನ್ನು ಇಡಿಯಾಗಿ ಓದಿ, ಇಬ್ಬರ ನಡತೆಯನ್ನೂ ನೋಡಿ, ಮುಖ್ಯ ವಿಷಯಗಳಲ್ಲಿ ಒಮ್ಮತ ಬಂದಿತ್ತೇ ಎಂದು ಕೇಳಿದರೆ ಸಾಕು. ಬೆಲೆ, ಮನೆ, ಸಾಲ ಎಲ್ಲದರಲ್ಲೂ ಒಮ್ಮತ ಬಂದಿತ್ತು. ನ್ಯಾಯಮೂರ್ತಿ ಆರ್ಮ್‌ರಾಡ್ ಫಲಿತಾಂಶದಲ್ಲಿ ಅವರ ಜೊತೆಗೂಡಿದರು. ಭಿನ್ನ ತೀರ್ಪು ಬರೆದ ಜೆಫ್ರಿ ಲೇನ್ ಮಾತ್ರ ಫೆಬ್ರವರಿ ಪತ್ರದಲ್ಲಿ ಪ್ರಸ್ತಾವವೇ ಇಲ್ಲವೆಂದರು.

ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1979ರ ಮಾರ್ಚ್ 8ರಂದು ಐವರ ಒಮ್ಮತದಿಂದ ಜೆಫ್ರಿ ಲೇನ್ ಅವರ ಓದನ್ನೇ ಸರಿಯೆಂದಿತು. ಲಾರ್ಡ್ ಡಿಪ್ಲಾಕ್ ಅವರ ಬರವಣಿಗೆಯಲ್ಲಿ ಬಿಗಿಯಿದೆ, ಸ್ವಲ್ಪ ಮಟ್ಟಿಗೆ ಬೇಸರವೂ ಇದೆ. ಇದು ಕಾನೂನಿನ ಮೊದಲ ಪಾಠದಷ್ಟು ಸರಳ ಪ್ರಶ್ನೆ. ಮಾದರಿ ದಾವೆಯಾಗಿರದಿದ್ದರೆ ಇಲ್ಲಿಯವರೆಗೆ ಬರಲು ಅನುಮತಿ ಸಿಗುವುದೇ ಕಷ್ಟವಿತ್ತು ಎಂಬ ಧ್ವನಿ ಅವರದು. ಪ್ರಸ್ತಾವ ಮತ್ತು ಅಂಗೀಕಾರದ ಚೌಕಟ್ಟಿಗೆ ಸುಲಭವಾಗಿ ಹೊಂದದ ಕರಾರುಗಳು ಅಪರೂಪಕ್ಕೆ ಇರಬಹುದು, ಆದರೆ ಒಂದಕ್ಕೊಂದು ಉತ್ತರವಾಗಿ ಬಂದ ಪತ್ರಗಳಿಂದ ಹುಟ್ಟಿತೆನ್ನಲಾದ ಕರಾರು ಆ ಗುಂಪಿಗೆ ಸೇರುವುದಿಲ್ಲ. ಪತ್ರಗಳನ್ನು ಒಂದೊಂದಾಗಿ ಓದಬೇಕು. ಹಾಗೆ ಓದಿದರೆ ‘ಮಾರಲು ಸಿದ್ಧವಾಗಬಹುದು’ ಎಂಬ ಮಾತೇ ದಾವೆಗೆ ಮುಳುವು. ಜೊತೆಗೆ, ಪತ್ರ ಕರೆಕೊಟ್ಟದ್ದು ಪ್ರಸ್ತಾವವನ್ನು ಒಪ್ಪಿಕೊಳ್ಳಿ ಎಂದಲ್ಲ, ಅರ್ಜಿ ಹಾಕಿ ಎಂದು. ಹಾಗಾಗಿ ಪ್ರಸ್ತಾವ ಮಾಡಿದವರು ಗಿಬ್ಸನ್ ಅವರೇ, ಅದನ್ನು ಪಾಲಿಕೆ ಎಂದೂ ಅಂಗೀಕರಿಸಲಿಲ್ಲ. ಮನೆಯನ್ನು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಹಾಕಿದ್ದು ಕಚೇರಿಯ ಒಳಗಿನ ವ್ಯವಸ್ಥೆ, ಅಷ್ಟರಿಂದ ಕರಾರು ಹುಟ್ಟದು.

ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯೆಂದೇ ನನ್ನ ಅಭಿಪ್ರಾಯ. ಡೆನಿಂಗ್ ಅವರ ಸೂತ್ರವನ್ನು ಒಪ್ಪಿದರೆ ಮನೆ ಕೊಳ್ಳುವ ಮಾತುಕತೆಯಲ್ಲಿ ಯಾವ ಪತ್ರ ಬರೆದ ಮೇಲೆ ಹಿಂದೆ ಸರಿಯುವಂತಿಲ್ಲವೆಂದು ಯಾರಿಗೂ ಮುಂಚಿತವಾಗಿ ತಿಳಿಯದಂತಾಗುತ್ತದೆ. ಅದರ ತೊಂದರೆ ಪಾಲಿಕೆಗಳಿಗಿಂತ ಹೆಚ್ಚಾಗಿ ತಟ್ಟುವುದು ಸಾಮಾನ್ಯ ಜನರಿಗೇ. ಆದರೂ ಐವರು ಲಾರ್ಡ್‌ಗಳ ತರ್ಕವನ್ನು ಓದಿ ಮುಗಿಸಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ವಾದಿ ಆ ಮನೆಯಲ್ಲಿ ಹನ್ನೆರಡು ವರ್ಷಗಳಿಂದ ಇದ್ದರೆಂಬುದು ತೀರ್ಮಾನದ ತಕ್ಕಡಿಯಲ್ಲಿ ಎಲ್ಲಿಯೂ ಬೀಳುವುದಿಲ್ಲ. ಗೆಲ್ಲಿಸಿದ ಡೆನಿಂಗ್ ಅವರಿಗೂ ಅದು ಬೇಕಾಗಲಿಲ್ಲ, ಸೋಲಿಸಿದ ಡಿಪ್ಲಾಕ್ ಅವರಿಗೂ ಬೇಕಾಗಲಿಲ್ಲ. ನಿನ್ನೆ ಮನೆ ಹೊಕ್ಕವನೂ ಕಾಲು ಶತಮಾನದಿಂದ ಇದ್ದವನೂ ಕರಾರು ಕಾನೂನಿನ ಮುಂದೆ ಒಂದೇ. ಹನ್ನೆರಡು ವರ್ಷವೆಂದೊಡನೆ ನಮ್ಮವರಿಗೆ, ಒಡೆಯನ ಅನುಮತಿಯಿಲ್ಲದೆ ದೀರ್ಘಕಾಲ ಅನುಭವಿಸಿದವನಿಗೇ ಆಸ್ತಿ ಸೇರುವ ಪ್ರತಿಕೂಲ ಸ್ವಾಧೀನದ ನೆನಪಾಗುವುದು ಸಹಜ, ‘ಹನ್ನೆರಡು ವರ್ಷ ಬಾಡಿಗೆಗಿದ್ದರೆ ಮನೆ ನಮ್ಮದಾಗುತ್ತದಂತೆ’ ಎಂಬ ಮಾತು ಇಂದಿಗೂ ವಕೀಲರ ಕಚೇರಿಗಳಲ್ಲಿ ಕೇಳಿಬರುತ್ತದೆ. ಅಲ್ಲೂ ಇಲ್ಲೂ ಅದು ಹುಸಿ. ಬಾಡಿಗೆದಾರ ಒಡೆಯನ ಅನುಮತಿಯಿಂದ ಇರುವವನು. ಅನುಮತಿಯ ಸ್ವಾಧೀನ ಎಷ್ಟೇ ವರ್ಷ ಕಳೆದರೂ ಪ್ರತಿಕೂಲವಾಗುವುದಿಲ್ಲ.

ಇನ್ನೊಂದು ದಾರಿಯಿತ್ತೇ ಎಂದು ಕೇಳಬಹುದು. ಮಾತು ಕೊಟ್ಟು, ಅದನ್ನು ನಂಬಿ ಎದುರಿನವನು ತನಗೆ ನಷ್ಟವಾಗುವಂತೆ ನಡೆದುಕೊಳ್ಳಲು ಬಿಟ್ಟ ಭೂಮಾಲೀಕ ಮುಂದೆ ತಿರುಗಿ ಬೀಳುವಂತಿಲ್ಲ ಎಂಬ ಪ್ರತಿಬಂಧ ತತ್ವವನ್ನು ಅದೇ ಮೇಲ್ಮನವಿ ನ್ಯಾಯಾಲಯ ಕ್ರ್ಯಾಬ್ ವಿರುದ್ಧ ಆರನ್ ಜಿಲ್ಲಾ ಮಂಡಳಿ ಪ್ರಕರಣದಲ್ಲಿ, 1970ರ ದಶಕದ ನಡುವಿನಲ್ಲೇ, ಒಂದು ಸ್ಥಳೀಯ ಸಂಸ್ಥೆಯ ವಿರುದ್ಧ ಅನ್ವಯಿಸಿ ದಾರಿಯ ಹಕ್ಕನ್ನು ಕೊಡಿಸಿತ್ತು. ಗಿಬ್ಸನ್ ದಾವೆ ಹೌಸ್ ಆಫ್ ಲಾರ್ಡ್ಸ್ ಮುಂದೆ ನಿಂತದ್ದು ಕರಾರು ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ. ಮನೆಯ ಮೇಲೆ ಹಾಕಿದ ದುಡಿಮೆ ಮತ್ತು ದುಡ್ಡಿಗೆ ಪ್ರತಿಬಂಧದ ವಾದದಲ್ಲಿ ಹೆಚ್ಚು ಬೆಲೆ ಸಿಗುತ್ತಿತ್ತು. ಗೆಲುವು ಸಿಗುತ್ತಿತ್ತೆಂದು ಹೇಳುವಷ್ಟು ಧೈರ್ಯ ಮಾತ್ರ ನನಗಿಲ್ಲ, ಏಕೆಂದರೆ ಆ ತತ್ವವೂ ಸ್ಪಷ್ಟವಾದ ಭರವಸೆಯನ್ನೇ ಕೇಳುತ್ತದೆ, ಮತ್ತು ‘ಆಗಬಹುದು’ ಎಂಬುದು ಅಲ್ಲಿಯೂ ಅಡ್ಡ ಬರುತ್ತಿತ್ತು.

ಮಡಿಕೇರಿಯ ಬಂಗಲೆ, ಕಾನ್ಪುರದ ಕಾರ್ಖಾನೆ

ಇದೇ ವಿಚಾರ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಕೊಡಗಿನಿಂದ. 1951ರ ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ ಪ್ರಕರಣದಲ್ಲಿ ಮಡಿಕೇರಿಯ ಒಂದು ಬಂಗಲೆಯನ್ನು ಕೊಳ್ಳಬಯಸಿದವರು ಹೇಳಿದ ಬೆಲೆಗೆ ಉತ್ತರವಾಗಿ, ದೂರದಲ್ಲಿದ್ದ ಮಾಲೀಕರು ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲವೆಂದು ತಂತಿ ಕಳಿಸಿದ್ದರು. ಹತ್ತು ಸಾವಿರಕ್ಕೆ ನಾನು ಸಿದ್ಧ ಎಂದ ಕೂಡಲೇ ಕ್ರಯದ ಕರಾರು ಆಯಿತೆಂಬುದು ಕೊಳ್ಳುವವರ ವಾದ. ಜಮೈಕಾದ ಒಂದು ಆಸ್ತಿಯ ಬಗ್ಗೆ, ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1893ರಲ್ಲಿ ಕೊಟ್ಟಿದ್ದ ಹಾರ್ವಿ ವಿರುದ್ಧ ಫೇಸಿ ತೀರ್ಪನ್ನು ಅನುಸರಿಸಿದ ಸುಪ್ರೀಂ ಕೋರ್ಟ್, ಕನಿಷ್ಠ ಬೆಲೆ ತಿಳಿಸಿದ ಮಾತ್ರಕ್ಕೆ ಆ ಬೆಲೆಗೆ ಮಾರುವೆನೆಂದು ಮಾತು ಕೊಟ್ಟಂತಲ್ಲ ಎಂದಿತು. ಹಾಗಾಗಿ 1979ರ ಲಂಡನ್ ತೀರ್ಪು ಮಡಿಕೇರಿಯ ವಕೀಲರಿಗೆ ಹೊಸದಾಗಿ ಕಾಣುವ ಸಂಗತಿಯಾಗಿರಲಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 7ನೆಯ ಕಲಮೂ ಅಂಗೀಕಾರ ಪೂರ್ಣವಾಗಿ, ಷರತ್ತಿಲ್ಲದೆ ಇರಬೇಕೆನ್ನುತ್ತದೆ. ಟಾರು ಹಾದಿಯ ಮಾತಿರುವ ಮಾರ್ಚ್ 5ರ ಪತ್ರ ಆ ಪರೀಕ್ಷೆಯನ್ನೂ ದಾಟುವುದು ಕಷ್ಟವಿತ್ತು.

ಭಾರತದ ನ್ಯಾಯಾಲಯ ಬೇರೆ ಹಾದಿ ಹಿಡಿದದ್ದು ಸರ್ಕಾರ ಕೊಟ್ಟ ಮಾತಿನ ವಿಷಯದಲ್ಲಿ. ಗಿಬ್ಸನ್ ತೀರ್ಪಿಗೆ ಮೂರು ತಿಂಗಳ ಮುಂಚೆ, 1978ರ ಡಿಸೆಂಬರಿನಲ್ಲಿ, ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರು, ಕಾನ್ಪುರದಲ್ಲಿ ವನಸ್ಪತಿ ಕಾರ್ಖಾನೆ ಹಾಕಿದರೆ ಮೂರು ವರ್ಷ ಮಾರಾಟ ತೆರಿಗೆ ಇಲ್ಲವೆಂದು ಉತ್ತರ ಪ್ರದೇಶ ಸರ್ಕಾರ ಪತ್ರ ಬರೆದ ಮೇಲೆ, ಅದನ್ನು ನಂಬಿ ಬಂಡವಾಳ ಹೂಡಿದವರ ಎದುರು ನೀತಿ ಬದಲಾಯಿತೆಂಬ ಒಂದೇ ನೆಪವೊಡ್ಡಿ ಮಾತು ತಪ್ಪುವಂತಿಲ್ಲವೆಂದು ತೀರ್ಪಿತ್ತರು. ವಿಧ್ಯುಕ್ತ ಕರಾರು ಇಲ್ಲವೆಂಬುದು ಅಲ್ಲಿ ಅಡ್ಡಿಯಾಗಲಿಲ್ಲ. ಮ್ಯಾಂಚೆಸ್ಟರಿನಲ್ಲಿ ನಡೆದದ್ದೂ ನೀತಿ ಬದಲಾವಣೆಯೇ. ಆದರೆ ಉತ್ತರ ಪ್ರದೇಶದ ಪತ್ರದಲ್ಲಿ ತೆರಿಗೆ ವಿನಾಯಿತಿ ಕೊಡಲಾಗುವುದೆಂಬ ಖಚಿತ ಮಾತಿತ್ತು. ಮ್ಯಾಂಚೆಸ್ಟರಿನ ಖಜಾಂಚಿ ಕಚೇರಿಯವರು ಎಷ್ಟು ಎಚ್ಚರದಿಂದ ಬರೆದಿದ್ದರೆಂದರೆ, ಯಾವ ದೇಶದ ಯಾವ ತತ್ವ ಹಿಡಿದು ಎಳೆದರೂ ಅವರ ವಾಕ್ಯ ಕೈಗೆ ಸಿಗುವುದಿಲ್ಲ.

ವರ್ಷಗಳನ್ನು ಎಣಿಸಿದ ಕಾಯ್ದೆ

ಹೌಸ್ ಆಫ್ ಲಾರ್ಡ್ಸ್ ತೀರ್ಪು ಬಂದ ಎರಡು ತಿಂಗಳೊಳಗೆ, 1979ರ ಮೇ 3ರಂದು, ಮಾರ್ಗರೆಟ್ ಥ್ಯಾಚರ್ ನಾಯಕತ್ವದ ಕನ್ಸರ್ವೇಟಿವ್ ಪಕ್ಷ ಸಂಸತ್ ಚುನಾವಣೆಯನ್ನು ಗೆದ್ದಿತು. 1980ರ ವಸತಿ ಕಾಯ್ದೆ ಪಾಲಿಕೆ ಬಾಡಿಗೆದಾರರಿಗೆ ಕೊಳ್ಳುವ ಹಕ್ಕನ್ನೇ ಕೊಟ್ಟಿತು. ಅದು ಅಕ್ಟೋಬರ್ 3ರಿಂದ ಜಾರಿಗೆ ಬಂತು. ಮೂರು ವರ್ಷ ಬಾಡಿಗೆಗಿದ್ದವರಿಗೆ ಮಾರುಕಟ್ಟೆ ಬೆಲೆಯಲ್ಲಿ ಶೇಕಡಾ 33 ರಿಯಾಯಿತಿ, ಅದರ ಮೇಲೆ ಪ್ರತಿ ಪೂರ್ಣ ವರ್ಷಕ್ಕೆ ಶೇಕಡಾ 1 ಹೆಚ್ಚುವರಿ, ಗರಿಷ್ಠ ಶೇಕಡಾ 50. 1959ರಿಂದ ನಿರಂತರವಾಗಿದ್ದ ಬಾಡಿಗೆಗೆ ಈ ಲೆಕ್ಕದಲ್ಲಿ ಪೂರ್ತಿ ಅರ್ಧ ಬೆಲೆಯ ರಿಯಾಯಿತಿ ಸಲ್ಲುತ್ತಿತ್ತು. ಯಾವ ನ್ಯಾಯಾಧೀಶರ ತೂಕಕ್ಕೂ ಬಾರದ ವರ್ಷಗಳನ್ನು ಶಾಸನ ಒಂದೊಂದಾಗಿ ಎಣಿಸಿ ಹಣವಾಗಿ ಪರಿವರ್ತಿಸಿತು.

ನ್ಯಾಯಾಲಯದ ಪಾತ್ರವೂ ಅದರೊಂದಿಗೆ ತಲೆಕೆಳಗಾಯಿತು. ಕರಾರು ಇದೆಯೆಂದು ಬಾಡಿಗೆದಾರ ಸಾಬೀತುಪಡಿಸಬೇಕಾದ ಅಗತ್ಯವಿಲ್ಲ. ಅರ್ಜಿ ಬಂದ ಮೇಲೆ ಹಕ್ಕನ್ನು ಒಪ್ಪುವ ಅಥವಾ ಕಾರಣ ಕೊಟ್ಟು ನಿರಾಕರಿಸುವ, ಬೆಲೆ ತಿಳಿಸುವ, ಕೊನೆಗೆ ಬರೆದುಕೊಡುವ ಕರ್ತವ್ಯ ಪಾಲಿಕೆಯ ಮೇಲೆ ಬಿತ್ತು, ಮತ್ತು ಬರೆದುಕೊಡುವ ಕರ್ತವ್ಯವನ್ನು ನ್ಯಾಯಾಲಯದ ಆದೇಶದ ಮೂಲಕ ಜಾರಿಗೊಳಿಸಿಕೊಳ್ಳಬಹುದೆಂದು ಕಾಯ್ದೆಯೇ ಹೇಳಿತು. ಎಳೆದಾಡುವ ಪಾಲಿಕೆಗಳಿಗೆಂದು ಕಾಯ್ದೆಯ 23ನೆಯ ಕಲಮಿನಲ್ಲಿ ಇನ್ನೂ ಕಠಿಣ ಉಪಾಯವಿತ್ತು. ನಾರ್ವಿಚ್ ನಗರಪಾಲಿಕೆ ಬೆಲೆ ಕಟ್ಟುವ ಕೆಲಸವನ್ನು ನಿಧಾನ ಮಾಡುತ್ತಿದೆಯೆಂದು 1981ರ ಡಿಸೆಂಬರಿನಲ್ಲಿ ಪರಿಸರ ಸಚಿವ ಮೈಕೆಲ್ ಹೆಸೆಲ್ಟೈನ್ ಮಾರಾಟದ ಅಧಿಕಾರವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಪಾಲಿಕೆ ಪ್ರಶ್ನಿಸಿತು, 1982ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಸಚಿವರ ಕ್ರಮವನ್ನು ಎತ್ತಿಹಿಡಿಯಿತು. ಆ ಪೀಠದಲ್ಲೂ ಲಾರ್ಡ್ ಡೆನಿಂಗ್ ಇದ್ದರು. ನಾಲ್ಕು ವರ್ಷಗಳ ಹಿಂದೆ ಅವರು ಕರಾರನ್ನು ಹಿಗ್ಗಿಸಿ ಕೊಡಿಸಲು ನೋಡಿದ್ದನ್ನು ಈಗ ಶಾಸನ ಓದಿಯೇ ಕೊಡಿಸಬಹುದಾಗಿತ್ತು.

ಕರ್ನಾಟಕದವರಿಗೆ ಈ ತಿರುವು ಅಪರಿಚಿತವಲ್ಲ. ತಲೆಮಾರುಗಳಿಂದ ಗೇಣಿ ಅಳೆದ ರೈತನ ವರ್ಷಗಳನ್ನೂ ಸಿವಿಲ್ ನ್ಯಾಯಾಲಯಗಳು ಒಡೆತನವಾಗಿ ಎಣಿಸಿರಲಿಲ್ಲ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಗೇಣಿ ಜಮೀನನ್ನು ಸರ್ಕಾರಕ್ಕೆ ಸೇರಿಸಿಕೊಂಡು, ಫಾರಂ ನಂಬರ್ 7 ಹಾಕಿದ ಗೇಣಿದಾರನಿಗೆ ಭೂನ್ಯಾಯ ಮಂಡಳಿಯ ಮೂಲಕ ಅಧಿಭೋಗದ ಹಕ್ಕು ಕೊಟ್ಟಿತು. ಹೋಲಿಕೆಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಜಮೀನು ಕಳೆದುಕೊಂಡವನು ಖಾಸಗಿ ಭೂಮಾಲೀಕ. ಅಲ್ಲಿ ಮಾರಾಟವಾದದ್ದು ಸಾರ್ವಜನಿಕ ಆಸ್ತಿ, ಮತ್ತು ಇಂಗ್ಲೆಂಡೊಂದರಲ್ಲೇ ಸುಮಾರು 20 ಲಕ್ಷ ಮನೆಗಳು ಹೀಗೆ ಕೈಬದಲಾದವು. ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲವಾದ್ದರಿಂದ, 1971ರ ಲೇಬರ್ ಸದಸ್ಯರ ಆತಂಕ ಸುಳ್ಳಾಗಲಿಲ್ಲವೆಂದೂ ಹೇಳಬೇಕು. ಗಿಬ್ಸನ್ ಅವರ ಪಾಡಿಗೆ ಮರುಗುವವರು ಇದನ್ನು ಮರೆಯುವುದುಂಟು.

ಕರಾರಿನ ದಾರಿ ಈಗ ಇನ್ನೂ ಕಿರಿದಾಗಿದೆ. 1989ರ ಕಾಯ್ದೆಯೊಂದರ ಪ್ರಕಾರ ಇಂಗ್ಲೆಂಡಿನಲ್ಲಿ ಸ್ಥಿರಾಸ್ತಿ ಮಾರಾಟದ ಕರಾರಿನ ಎಲ್ಲ ಷರತ್ತುಗಳೂ ಬರಹದಲ್ಲಿದ್ದು ಎರಡೂ ಪಕ್ಷಗಳ ಸಹಿ ಇರಲೇಬೇಕು. ಟೌನ್ ಕ್ಲರ್ಕ್ ಸಹಿಯಿಲ್ಲದ ಸ್ಟೋರರ್ ಅವರ ಕಾಗದ ಇಂದಾಗಿದ್ದರೆ ಅವರನ್ನೂ ಕಾಪಾಡುತ್ತಿರಲಿಲ್ಲ.

ಕೊಳ್ಳುವ ಹಕ್ಕನ್ನು ಸ್ಕಾಟ್ಲೆಂಡ್ 2016ರ ಜುಲೈ ಕೊನೆಗೆ, ವೇಲ್ಸ್ 2019ರ ಜನವರಿ 26ಕ್ಕೆ ರದ್ದುಮಾಡಿದವು. ಇಂಗ್ಲೆಂಡ್ ಹಕ್ಕನ್ನು ಉಳಿಸಿಕೊಂಡು 2024ರ ನವೆಂಬರ್ 21ರಿಂದ ರಿಯಾಯಿತಿಯನ್ನು ತೀವ್ರವಾಗಿ ಇಳಿಸಿತು. ಮೂರು ಕಡೆಯೂ ದಿನಾಂಕವನ್ನು ಮುಂಚಿತವಾಗಿ ಸಾರಲಾಗಿತ್ತು, ಮತ್ತು ಮೂರು ಕಡೆಯೂ ಆ ದಿನಕ್ಕೆ ಮೊದಲು ಸಲ್ಲಿಸಿದ ಅರ್ಜಿಗಳನ್ನು ಹಳೆಯ ನಿಯಮದ ಪ್ರಕಾರವೇ ಮುಂದುವರಿಸಲಾಯಿತು, ಕರಾರಿಗೆ ಇನ್ನೂ ಸಹಿ ಬೀಳದಿದ್ದರೂ.